ತೊಟ್ಟಿಲು ಬಿಚ್ಚುವವರು ಯಾರು

ಮಕ್ಕಳ ಸಾಮಾನಿನ ಆ ದೊಡ್ಡ ಅಂಗಡಿಯ ಎರಡನೇ ಮಹಡಿಯಲ್ಲಿ, ಲಿಫ್ಟಿನಿಂದ ಹೊರಬಂದರೆ ಮೊದಲು ಕಣ್ಣಿಗೆ ಬೀಳುವವಳೇ ಮಡಚಕ್ಕ. ಪ್ರಯಾಣಕ್ಕೆ ಹೊತ್ತೊಯ್ಯಬಹುದಾದ ಮಡಚುವ ತೊಟ್ಟಿಲುಗಳು ಅವಳ ಪಾಲಿನ ವಿಭಾಗ. ವಯಸ್ಸು ಐವತ್ತೆಂಟು, ಎತ್ತರ ಅಷ್ಟಕ್ಕಷ್ಟೆ, ಅಂಗಡಿಯ ನೀಲಿ ಕೋಟು ಅವಳಿಗೆ ಮಂಡಿಯವರೆಗೆ ಇಳಿಬೀಳುತ್ತದೆ. ಅವಳು ತೊಟ್ಟಿಲು ಬಿಚ್ಚುವುದನ್ನು ಮೊದಲ ಸಲ ನೋಡಿದವರು ಇನ್ನೊಂದು ಸಲ ಮಾಡಿ ತೋರಿಸಿ ಅನ್ನುತ್ತಾರೆ. ಕೊಳ್ಳುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ.

ಚೀಲದಿಂದ ಕಂಬಳಿ ಸುತ್ತಿಟ್ಟಂಥ ಒಂದು ಕಟ್ಟು ಹೊರಬರುತ್ತದೆ. ಅವಳು ಅದನ್ನು ನೆಲದ ಮೇಲೆ ನಿಲ್ಲಿಸಿ ಎದುರುಬದುರಿನ ಎರಡು ಅಂಚುಗಳನ್ನು ಎತ್ತುತ್ತಾಳೆ, ಟಕ್, ಟಕ್. ಆಮೇಲೆ ಉಳಿದೆರಡು, ಟಕ್, ಟಕ್. ಕೊನೆಗೆ, ನಡುವೆ ಗುಡ್ಡದ ಹಾಗೆ ಎದ್ದುನಿಂತಿರುವ ತಳವನ್ನು ಅಂಗೈಯಿಂದ ಕೆಳಕ್ಕೆ ಅದುಮುತ್ತಾಳೆ. ಏನೂ ಇಲ್ಲದಿದ್ದ ಕಡೆ ಒಂದು ಮಗುವಿನ ಕೋಣೆ ಎದ್ದು ನಿಂತಿರುತ್ತದೆ, ನಾಲ್ಕು ಬಲೆಯ ಗೋಡೆ, ಒಂದು ನೆಲ. ಇಷ್ಟಕ್ಕೆ ಅವಳು ತೆಗೆದುಕೊಳ್ಳುವ ಹೊತ್ತು ಒಂದು ಆಕಳಿಕೆಯಷ್ಟು.

ಈ ಕೈ ಅವಳಿಗೆ ಬಂದದ್ದು ಕೊಡೆ ಕಾರ್ಖಾನೆಯಲ್ಲಿ. ಹನ್ನೊಂದು ವರ್ಷ ಅಲ್ಲಿ ಸ್ಪ್ರಿಂಗು ಕೂರಿಸುವ ಕೆಲಸ ಮಾಡಿದಳು. ದಿನಕ್ಕೆ ನಾನೂರು ಕೊಡೆ ಬಿಚ್ಚಬೇಕು, ಮಡಚಬೇಕು, ಮುಂದಕ್ಕೆ ತಳ್ಳಬೇಕು. ಯಂತ್ರಗಳ ಗದ್ದಲದಲ್ಲಿ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಕೊಂಡಿ ಕೂತಿತೋ ಇಲ್ಲವೋ ಎಂಬುದನ್ನು ಅವಳು ಅಂಗೈಯಲ್ಲೇ ಕೇಳಿಸಿಕೊಳ್ಳಲು ಕಲಿತಳು. ಕಾರ್ಖಾನೆ ಬಿಟ್ಟು ಮನೆಗೆ ಬಂದರೆ ಅಲ್ಲಿಯೂ ಇದೇ ಕೆಲಸ. ಒಂದೇ ಕೋಣೆ, ಆರು ಜನ. ರಾತ್ರಿ ಆರು ಹಾಸಿಗೆ ಬಿಚ್ಚುವುದು, ಬೆಳಿಗ್ಗೆ ಆರು ಹಾಸಿಗೆ ಸುತ್ತುವುದು. ಆ ಕೆಲಸಕ್ಕೆ ಸಂಬಳವಿರಲಿಲ್ಲ, ಹೆಸರೂ ಇರಲಿಲ್ಲ. "ಹಾಸಿದೋರು ಯಾರು ಅಂತ ಯಾರಿಗೂ ನೆನಪಿರಲ್ಲ. ಮಲಗಿದೋರ ಗೊರಕೆ ಮಾತ್ರ ಇಡೀ ಬೀದಿಗೆ ಗೊತ್ತಿರುತ್ತೆ" ಎಂದು ನಗುತ್ತಾಳೆ.

ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿಗೆ ನೆಲ ಒರೆಸಲು ಸೇರಿದಳು. ಒಂದು ದಿನ ಟೈ ಕಟ್ಟಿಕೊಂಡ ಇಬ್ಬರು ಸೇಲ್ಸ್‌ಮನ್‌ಗಳು ಗಿರಾಕಿಯ ಎದುರು ಒಂದು ತೊಟ್ಟಿಲನ್ನು ಮಡಚಲಾರದೆ, ಹಟಮಾರಿ ಕರುವನ್ನು ಹಿಡಿದವರ ಹಾಗೆ ಎರಡು ಕಡೆಯಿಂದ ಜಗ್ಗುತ್ತಿದ್ದರು. ಇವಳು ಬಕೆಟ್ಟು ಕೆಳಗಿಟ್ಟು, ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡು, "ಸ್ವಲ್ಪ ಸರೀರಪ್ಪ" ಅಂದು ತಳದ ನಡುವಿನ ಪಟ್ಟಿಯನ್ನು ಮೇಲಕ್ಕೆತ್ತಿದಳು. ತೊಟ್ಟಿಲು ಅವಳ ಕೈಯಲ್ಲಿ ಮಾತು ಕೇಳಿದ ಮಗುವಿನ ಹಾಗೆ ಮುದುಡಿಕೊಂಡಿತು. ಮಾರನೆಯ ದಿನದಿಂದ ಒರೆಸುವ ಕೋಲು ಬೇರೆಯವರ ಕೈಗೆ ಹೋಯಿತು. ಇದು ಹದಿಮೂರು ವರ್ಷದ ಹಿಂದಿನ ಮಾತು.

ಅವಳದೊಂದು ಕಟ್ಟಳೆ ಇದೆ. ಮ್ಯಾನೇಜರನಿಗೆ ಅದನ್ನು ಕಂಡರೆ ಆಗುವುದಿಲ್ಲ. ಆದರೆ ಅವಳ ಮೂಲೆಯಿಂದ ಹೋದ ತೊಟ್ಟಿಲು ಒಂದೂ ವಾಪಸು ಬಂದಿಲ್ಲವಾದ್ದರಿಂದ ಅವನು ಬಾಯಿ ಬಿಡುವುದೂ ಇಲ್ಲ. ಮನೆಯಲ್ಲಿ ತೊಟ್ಟಿಲನ್ನು ದಿನಾ ಬಿಚ್ಚಿ ಮಡಚುವವರು ಯಾರೋ, ಅವರು ಅಂಗಡಿಯಲ್ಲೇ ಒಂದು ಸಲ ಅದನ್ನು ಮಾಡಿ ತೋರಿಸಬೇಕು. ಬರಿಗೈಯಲ್ಲಿ ಅಲ್ಲ, ಗುಂಡನನ್ನು ಸೊಂಟದಲ್ಲಿ ಎತ್ತಿಕೊಂಡು. ಗುಂಡ ಅಂದರೆ ಅವಳೇ ಹೊಲಿದ ಗೊಂಬೆ. ಒಳಗೆ ಮರಳು ತುಂಬಿದೆ, ಒಂಬತ್ತು ಕಿಲೋ. ಮಕ್ಕಳ ತಲೆಯೇ ಭಾರವಲ್ಲವೇ, ಆದ್ದರಿಂದ ತಲೆಗೆ ಹೆಚ್ಚು ಮರಳು, ಕತ್ತಿಗೆ ಕಡಿಮೆ. ಗುಂಡನನ್ನು ಎತ್ತಿಕೊಂಡವರು ಮೊದಲು ನಗುತ್ತಾರೆ. ಅವನ ತಲೆ ಒಂದು ಕಡೆ ವಾಲಿದ ಕೂಡಲೇ ನಗು ನಿಂತು, ತಮಗೆ ಗೊತ್ತಿಲ್ಲದೆಯೇ ಒಂದು ಕೈ ಅವನ ಕತ್ತಿನ ಹಿಂದಕ್ಕೆ ಹೋಗುತ್ತದೆ. ಆಮೇಲೆ ಉಳಿಯುವುದು ಒಂದೇ ಕೈ. ತೊಟ್ಟಿಲು ಯಾವುದು ಒಳ್ಳೆಯದು ಎಂಬುದು ಗೊತ್ತಾಗುವುದು ಆಗಲೇ.

ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ಲಿಫ್ಟಿನಿಂದ ಮೂವರು ಇಳಿದರು. ಒಬ್ಬಳು ಸೇತುವೆಗಳನ್ನು ಪರೀಕ್ಷಿಸುವ ಇಂಜಿನಿಯರ್. ಜೊತೆಗೆ ಅವಳ ಗಂಡ ಮತ್ತು ಗಂಡನ ತಾಯಿ. ಮಗುವಿಗೆ ಏಳು ತಿಂಗಳು, ಅದು ಮನೆಯಲ್ಲಿತ್ತು. ಇಂಜಿನಿಯರಳಿಗೆ ಕಚೇರಿಯಲ್ಲಿ ಸೋಮವಾರದ ಗಡುವು ಕೊಟ್ಟಿದ್ದರು. ಒಂಬತ್ತು ಹಳೆಯ ಸೇತುವೆಗಳನ್ನು ಐದು ವಾರದಲ್ಲಿ ನೋಡಿ ಮುಗಿಸಬೇಕು. ತಂಡದ ಜೊತೆ ಹೊರಡುತ್ತೀಯೋ, ಇಲ್ಲ ಫೈಲು ನೋಡುವ ಕುರ್ಚಿಗೆ ಹೋಗುತ್ತೀಯೋ ಹೇಳಿಬಿಡು ಅಂದಿದ್ದರು. ಫೈಲಿನ ಕುರ್ಚಿ ಕೆಟ್ಟದ್ದೇನಲ್ಲ, ಮೆತ್ತನೆಯದೇ. ಆದರೆ ಹೆರಿಗೆಯ ನಂತರ ಆ ಕುರ್ಚಿಯಲ್ಲಿ ಕೂತ ಹೆಂಗಸು ಮತ್ತೆ ಸೇತುವೆಯ ಕೆಳಗೆ ಇಳಿದದ್ದನ್ನು ಆ ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಅವಳಿಗೆ ಸೇತುವೆಯ ಕೆಳಗೇ ಹೋಗಬೇಕಿತ್ತು, ಮಗುವನ್ನೂ ಒಯ್ಯಬೇಕಿತ್ತು. ಒಂಬತ್ತು ಊರು, ಒಂಬತ್ತು ಅತಿಥಿಗೃಹ. ಎಲ್ಲೆಂದರಲ್ಲಿ ಮಗುವನ್ನು ಮಲಗಿಸುವಂತಿಲ್ಲ. ತೊಟ್ಟಿಲು ಹೊಂದಿದರೆ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ಮನೆಯಲ್ಲಿ ಮಾತಾಗಿತ್ತು.

ಗಂಡ ಮನೆಯಲ್ಲೇ ಎಲ್ಲ ಓದಿಕೊಂಡು ಬಂದಿದ್ದ. ಫೋನು ತೆಗೆದು ಒಂದು ಪಟ್ಟಿ ತೋರಿಸಿದ. "ಹನ್ನೊಂದು ಮಾಡೆಲ್ ಹೋಲಿಸಿ ನೋಡಿದ್ದೀನಿ. ಅದೋ, ಆ ದೊಡ್ಡದು ಕೊಡಿ. ಚಕ್ರ ಇದೆ, ಸೊಳ್ಳೆಪರದೆ ಇದೆ, ಬಟ್ಟೆ ಬದಲಾಯಿಸೋ ಹಲಗೆ ಇದೆ, ಹಾಡೂ ಹೇಳುತ್ತೆ."

"ಹಾಡು ಹೇಳುತ್ತೆ ಸರ್, ಮೆಟ್ಟಿಲು ಹತ್ತಲ್ಲ" ಅಂದಳು ಮಡಚಕ್ಕ. "ಹದಿನಾಲ್ಕು ಕಿಲೋ ಇದೆ. ಎತ್ತಿ ನೋಡ್ತೀರಾ?"

ಅವನು ಎತ್ತಿದ. "ಅಂಥಾ ಭಾರವೇನಿಲ್ಲ" ಅಂದ, ಕತ್ತಿನ ನರ ಉಬ್ಬಿಸಿಕೊಂಡು.

ಅಷ್ಟರಲ್ಲಿ ಅತ್ತೆ ತೊಟ್ಟಿಲಿನ ತಳವನ್ನು ಬೆರಳಿನಿಂದ ಒತ್ತಿ ಮೂಗು ಮುರಿದಳು. "ಇದೇನ್ರೀ ಇದು, ರಟ್ಟಿಗೆ ಬಟ್ಟೆ ಸುತ್ತಿದ ಹಾಗಿದೆ? ಏಳು ತಿಂಗಳ ಕೂಸು ಇದರ ಮೇಲೆ ಮಲಗುತ್ತಾ? ಬೆನ್ನು ಏನಾಗಬೇಡ? ಮೇಲೊಂದು ದಪ್ಪನೆ ಹಾಸಿಗೆ ಹಾಕಿಬಿಡೋಣ." ಹೇಳುತ್ತಲೇ ಪಕ್ಕದ ಕಪಾಟಿನಿಂದ ಉಬ್ಬಿದ ಒಂದು ಪುಟ್ಟ ಹಾಸಿಗೆಯನ್ನು ಎಳೆದು ತಂದಳು.

ಇದು ಆ ಮೂಲೆಯಲ್ಲಿ ಪ್ರತಿ ಅಜ್ಜಿಯೂ ಮಾಡುವ ಕೆಲಸ, ಪ್ರೀತಿಯಿಂದಲೇ ಮಾಡುವುದು. ಮಡಚಕ್ಕ ಬೇಡ ಅನ್ನಲಿಲ್ಲ. ಹಾಸಿಗೆಯನ್ನು ತಾನೇ ತೆಗೆದುಕೊಂಡು ತೊಟ್ಟಿಲಿನೊಳಗೆ ನೀಟಾಗಿ ಹಾಸಿದಳು. ಗುಂಡನನ್ನು ನಡುವೆ ಮಲಗಿಸಿದಳು. ನಂತರ ಅವನ ಭುಜಕ್ಕೆ ಒಂದೇ ಬೆರಳು ತಾಗಿಸಿ ಮಗ್ಗುಲಿಗೆ ಹೊರಳಿಸಿದಳು, ಇನ್ನೊಮ್ಮೆ ಹೊರಳಿಸಿದಳು. ಗುಂಡನ ಮುಖ ಹಾಸಿಗೆಗೂ ಬಲೆಯ ಗೋಡೆಗೂ ನಡುವಿನ ಸಂದಿಗೆ ಜಾರಿ ಅಲ್ಲೇ ಹೂತುಕೊಂಡಿತು. ಮರಳಿನ ಗೊಂಬೆ, ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಆದರೂ ನಾಲ್ವರೂ ಉಸಿರು ಬಿಗಿಹಿಡಿದು ನಿಂತರು. ಅತ್ತೆ ಬಗ್ಗಿ ಅವನನ್ನು ಎತ್ತಿ ಎದೆಗವಚಿಕೊಂಡಳು. ಆ ಹಾಸಿಗೆಯನ್ನು ತಾನೇ ಹೊರಗೆ ತೆಗೆದು ಕಪಾಟಿನಲ್ಲಿಟ್ಟು ಬಂದಳು.

"ಮಕ್ಕಳ ಬೆನ್ನಿಗೆ ಗಟ್ಟಿ ನೆಲ ಬೇಕು ಅಮ್ಮಾವ್ರೇ. ಮೆತ್ತಗೆ ಬೇಕಾಗಿರೋದು ನಮ್ಮ ಬೆನ್ನಿಗೆ" ಅಂದಳು ಮಡಚಕ್ಕ ಮೆಲ್ಲಗೆ. "ತೊಟ್ಟಿಲಿನ ಜೊತೆ ಬಂದದ್ದು ಬಿಟ್ಟು ಒಳಗೆ ಏನೂ ಹಾಕ್ಬಾರದು. ದಿಂಬೂ ಬೇಡ."

ಆಮೇಲೆ ಗಂಡನ ಸರದಿ. ಅವನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ. ತಳ ಗುಡ್ಡದ ಹಾಗೆ ಎದ್ದಿರುವುದನ್ನು ಕಂಡು ಮೊದಲು ಅದನ್ನು ಅದುಮಿ ಚಪ್ಪಟೆ ಮಾಡಿದ. ಹಾಗೆ ಮಾಡಿದರೆ ಅಂಚಿನ ಕೊಂಡಿ ಕೂರುವುದೇ ಇಲ್ಲ. ಒಂದು ಬದಿ ಎತ್ತಿದರೆ ಇನ್ನೊಂದು ಬದಿ ಮುರಿದ ರೆಕ್ಕೆಯ ಹಾಗೆ ಜೋತು ಬೀಳುತ್ತಿತ್ತು. ಎರಡು ಸಲ, ಮೂರು ಸಲ ನೋಡಿದ. ಹಣೆಯಲ್ಲಿ ಬೆವರು ಮೂಡಿತು.

"ನಿಮ್ಮ ನೆಲ ಸಮ ಇಲ್ಲ ಅನ್ಸುತ್ತೆ" ಅಂದ.

"ಹೌದು ಸರ್" ಅಂದಳು ಮಡಚಕ್ಕ. "ಕುಣಿಯೋಕೆ ಬಾರದೋಳ ಕಾಲದಿಂದಲೂ ನೆಲ ಡೊಂಕೇ."

ಅತ್ತೆಯೇ ಮೊದಲು ನಕ್ಕಳು. ಮಡಚಕ್ಕ ತೊಟ್ಟಿಲನ್ನು ಮತ್ತೆ ಮಡಚಿಟ್ಟು, ತಾನು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. "ಅಲ್ಲಿ ಹೋದಮೇಲೆ ಇದನ್ನ ದಿನಾ ಬಿಚ್ಚೋರು ಯಾರು?"

"ಎಲ್ಲರೂ" ಅಂದ ಗಂಡ.

"ನೀವೂ ಹೋಗ್ತೀರಾ ಸರ್?"

"ನಾನು... ಇಲ್ಲ. ನನಗೆ ಇಲ್ಲಿ ಕೆಲಸ ಇದೆ. ವಾರದ ಕೊನೆಗೆ ಅವರೇ ಬರ್ತಾರೆ."

"ಅಮ್ಮಾವ್ರು?"

"ನನ್ನ ಮಂಡಿ ಕಟ್ಟಿಕೊಂಡು ನಾನೆಲ್ಲಿ ಹೋಗ್ಲಿ" ಅಂದಳು ಅತ್ತೆ.

ಮಡಚಕ್ಕ ಇಂಜಿನಿಯರಳ ಕಡೆ ತಿರುಗಿದಳು. ಅವಳು, "ಏಳು ಗಂಟೆಗೆ ನಾನು ಸೇತುವೆ ಹತ್ರ ಇರಬೇಕಕ್ಕ. ಬಿಚ್ಚೋದು ಚಿಕ್ಕಮ್ಮ, ನಮ್ಮಮ್ಮನ ತಂಗಿ. ನನ್ನ ಜೊತೆ ಮಗು ನೋಡ್ಕೊಳ್ಳೋಕೆ ಅವರೇ ಬರೋದು" ಅಂದಳು.

"ಎಲ್ಲಿದ್ದಾರೆ ಅವರು?"

"ಮನೇಲಿ. ಮಗು ನೋಡ್ಕೋತಾ ಇದಾರೆ. ನಾವು ಆರಿಸೋಕೆ ಬರಬೇಕಿತ್ತಲ್ಲ, ಅದಕ್ಕೆ."

ಮಡಚಕ್ಕ ತೊಟ್ಟಿಲಿನ ಚೀಲದ ಜಿಪ್ಪು ಎಳೆದಳು. "ಕಾಲು ಮನೇಲಿ ಬಿಟ್ಟು ಚಪ್ಪಲಿ ಕೊಳ್ಳೋಕೆ ಬಂದಿದ್ದೀರಲ್ಲಮ್ಮ" ಅಂದಳು. "ಹೋಗಿ ಅವರನ್ನ ಕರ್ಕೊಂಡು ಬನ್ನಿ."

ಗಂಡನಿಗೆ ಸಿಟ್ಟು ಬಂತು. ದುಡ್ಡು ಕೊಡುವವರನ್ನು ಹೀಗೆ ವಾಪಸು ಕಳಿಸುವ ಅಂಗಡಿ ಎಲ್ಲಿದೆ ಎಂದು ಲಿಫ್ಟಿನಲ್ಲಿ ಗೊಣಗಿದ.  ಇಂಜಿನಿಯರಳ ಕಿವಿ ಕೆಂಪಗಾಗಿತ್ತು.

ಮಧ್ಯಾಹ್ನ ಮೂರಕ್ಕೆ ಮತ್ತೆ ಬಂದರು. ಈ ಸಲ ಚಿಕ್ಕಮ್ಮನೂ ಇದ್ದಳು, ಅವಳ ತೋಳಿನಲ್ಲಿ ಮಗು. ಅರವತ್ತೆರಡರ ಸಪೂರ ಹೆಂಗಸು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದಾಗ, ಆರೈಕೆಗೆಂದು ಅಕ್ಕನ ಮಗಳ ಮನೆಗೆ ಬಂದಿದ್ದಳು. ಆರು ವಾರಕ್ಕೆಂದು ಬಂದವಳು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಆ ಮನೆಯ ಅಡುಗೆಮನೆ ಅವಳ ಕೈಗೆ ಬಂದಿತ್ತು, ಆಮೇಲೆ ಮಗುವೂ ಬಂತು. ಹೋಗುವ ಮಾತನ್ನು ಯಾರೂ ಎತ್ತಲಿಲ್ಲ, ಇರುವ ಮಾತನ್ನೂ ಯಾರೂ ಕೇಳಲಿಲ್ಲ.

ಮಡಚಕ್ಕ ಅವಳಿಗೆ ತೊಟ್ಟಿಲು ತೋರಿಸುವ ಮೊದಲು ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. ಚಿಕ್ಕಮ್ಮ ಮಗುವನ್ನು ಬಲಗೈಯ ಬೆರಳಿನಿಂದ ಹಿಡಿದಿರಲಿಲ್ಲ. ಮೊಣಕೈಯ ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಹೆಗಲ ಚೀಲದ ಜಿಪ್ಪನ್ನು ಹಲ್ಲಿನಿಂದ ಹಿಡಿದು ಎಡಗೈಯಿಂದ ಎಳೆದು ಒಳಗಿನಿಂದ ಮಗುವಿನ ಟೋಪಿ ತೆಗೆದಳು. ಎಲ್ಲವೂ ಎಷ್ಟು ಸಲೀಸಾಗಿ ನಡೆಯಿತೆಂದರೆ ಬೇರೆ ಯಾರಿಗೂ ಅದು ಕಾಣಲೇ ಇಲ್ಲ.

ಮೊದಲ ತೊಟ್ಟಿಲು ಬಿಚ್ಚಿಕೊಂಡಿತು, ಆದರೆ ಮಡಚಲಿಲ್ಲ. ಅಂಚಿನ ಕೊಂಡಿ ಬಿಡಿಸಲು ಎರಡು ಪಕ್ಕದ ಗುಂಡಿಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಸುಕಬೇಕು. ಚಿಕ್ಕಮ್ಮ ಎಡಗೈಯಿಂದ ಹಿಸುಕಿದಳು. ಎಡಗೈ ಹಿಸುಕುವಾಗ ಅಂಚನ್ನು ಎಳೆಯಲು ಬಲಗೈ ಬೇಕು. ಅದು ಬರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವಳು ಮೊಣಕಾಲು ಹಚ್ಚಿದಳು, ಗಲ್ಲ ಹಚ್ಚಿದಳು. ಆಮೇಲೆ ನಿಂತು, ನಗುತ್ತಲೇ ಅಂದಳು, "ಈ ಕೈ ಮುಷ್ಟಿ ಕಟ್ಟಲ್ಲ ಕಣ್ರೀ. ಮೂಳೆ ಕೂಡಿತು, ಸೊಟ್ಟಗೆ ಕೂಡಿತು."

"ಯಾವಾಗಿಂದ ಚಿಕ್ಕಮ್ಮ?" ಕೇಳಿದ ಗಂಡ.

"ಬಿದ್ದಾಗಿಂದ."

"ಮತ್ತೆ ಮನೇಲಿ ಎಲ್ಲಾ ಮಾಡ್ತೀರಲ್ಲ. ಬಟ್ಟೆ ಹಿಂಡ್ತೀರಿ..."

"ನಲ್ಲಿಗೆ ಸುತ್ತಿ ಎಡಗೈಯಲ್ಲಿ ತಿರುವ್ತೀನಿ. ಡಬ್ಬಿ ಮುಚ್ಚಳ ತೆಗೆಯೋಕೆ ಬಾಗಿಲ ಸಂದಿ ಇದೆ. ನೀವು ಮೂರು ವರ್ಷದಿಂದ ಕುಡೀತಿರೋ ಕಾಫಿ ಎಡಗೈಯದೇ. ರುಚಿ ಬದಲಾಯ್ತು ಅಂತ ಯಾರೂ ಹೇಳ್ಲಿಲ್ಲವಲ್ಲ."

ಇಂಜಿನಿಯರ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಅವಳ ಕೆಲಸವೇ ಕಾಣದ್ದನ್ನು ಕಾಣುವುದು. ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಸುತ್ತಿಗೆಯಿಂದ ತಟ್ಟಿ, ಒಳಗೆ ಟೊಳ್ಳಾಗಿದೆ ಎಂದು ಸದ್ದಿನಲ್ಲೇ ಹೇಳುವವಳು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ತನಗೆ ತಿಂಡಿಯ ಡಬ್ಬಿ ಕೊಡುತ್ತಿದ್ದ ಕೈ ಯಾವುದೆಂದು ಅವಳು ನೋಡಿರಲಿಲ್ಲ.

"ಬಿಡಿ" ಅಂದಳು, ನೆಲ ನೋಡುತ್ತ. "ನಾನು ಸೋಮವಾರ ಆಗಲ್ಲ ಅಂತ ಹೇಳಿಬಿಡ್ತೀನಿ. ಚಿಕ್ಕಮ್ಮನಿಗೆ ಇಷ್ಟು ತೊಂದ್ರೆ ಕೊಟ್ಟು ನಾನೇನು ಸೇತುವೆ ನೋಡೋದು."

 ಗಂಡ ಫೋನಿನ ಪಟ್ಟಿಯನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಸರಿಸಿದ. ಅದರಲ್ಲಿ ಮುಷ್ಟಿಯ ಬಗ್ಗೆ ಒಂದು ಕಾಲಮ್ಮೂ ಇರಲಿಲ್ಲ.

ಮಡಚಕ್ಕ ಚಿಕ್ಕಮ್ಮನ ಎದುರು ಬಂದು ನಿಂತಳು. "ಅವರು ಹೋಗೋದು ಬಿಡೋದು ಆಮೇಲೆ. ನಿಮಗೆ ಹೋಗೋ ಮನಸ್ಸಿದೆಯಾ?"

ಚಿಕ್ಕಮ್ಮ ಆ ಪ್ರಶ್ನೆ ತನಗೇ ಕೇಳಿದ್ದು ಹೌದೋ ಅಲ್ಲವೋ ಎಂದು ಒಂದು ಗಳಿಗೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಇದೆ" ಅಂದಳು. ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. "ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತು ಊರೂರಿಗೆ ಲೈನ್ ಕೊಟ್ಟೆ. ಇವಳು ಹೇಳೋ ಒಂಬತ್ತು ಊರಿನ ಕೋಡ್ ನಂಬರೂ ನನಗೆ ಈಗಲೂ ಬಾಯಿಪಾಠ. ಆದರೆ ಒಂದು ಊರೂ ನೋಡಿಲ್ಲ. ಹೊಳೆ ಹತ್ರ ಇರೋ ಊರಿಂದ ಫೋನ್ ಬಂದ್ರೆ ಹಿಂದೆ ನೀರಿನ ಸದ್ದು ಕೇಳಿಸ್ತಿತ್ತು. ಎಷ್ಟು ದೊಡ್ಡ ಹೊಳೆ ಇರಬಹುದು ಅಂತ ಅಂದ್ಕೋತಿದ್ದೆ."

ಅತ್ತೆ ಬೀಗಿತ್ತಿಯ ತಂಗಿಯನ್ನು ಅಂದೇ ಮೊದಲ ಸಲ ಕಂಡವಳ ಹಾಗೆ ನೋಡಿದಳು. "ಇಷ್ಟು ದಿನ ಹೇಳಲೇ ಇಲ್ಲವಲ್ರೀ" ಅಂದಳು.

"ಕೇಳಲಿಲ್ಲವಲ್ಲ" ಅಂದಳು ಚಿಕ್ಕಮ್ಮ. ಆ ಮಾತಿನಲ್ಲಿ ದೂರು ಇರಲಿಲ್ಲ.

ಮಡಚಕ್ಕ ಒಳಗೆ ಹೋಗಿ, ಕಪಾಟಿನ ಹಿಂದೆ ಧೂಳು ತಿನ್ನುತ್ತಿದ್ದ ಒಂದು ಬೂದು ಬಣ್ಣದ ಚೀಲ ತಂದಳು. ಯಾರೂ ಕೇಳದ ಮಾಲು ಅದು. ಚಕ್ರವಿಲ್ಲ, ಪರದೆಯಿಲ್ಲ, ಹಾಡಿಲ್ಲ. ತೂಕ ಆರು ಕಿಲೋ. ಅದರ ಕೊಂಡಿಗಳನ್ನು ಹಿಸುಕಬೇಕಾಗಿಲ್ಲ. ಕಾಲುಗಳನ್ನು ಹೊರಕ್ಕೆ ತಳ್ಳಿದರೆ ತಾವೇ ಕೂರುತ್ತವೆ, ತಳದ ಪಟ್ಟಿಯೊಂದನ್ನು ಎಳೆದರೆ ತಾವೇ ಬಿಡುತ್ತವೆ. "ಇದು ಕೊಡೆಯ ಜಾತಿ" ಅಂದಳು. "ಹೆಂಗೆ ಬಿಚ್ಚೋದು ಅಂತ ಒಂದು ಸಲ ತೋರಿಸ್ತೀನಿ. ಆಮೇಲೆ ನಿಮ್ಮ ಕೈಗೆ ಹೆಂಗೆ ಬರುತ್ತೋ ಹಂಗೆ. ನನ್ನ ಹಾಗೇ ಮಾಡಬೇಕು ಅಂತಿಲ್ಲ."

ಚಿಕ್ಕಮ್ಮ ಗುಂಡನನ್ನು ಕೇಳಲಿಲ್ಲ. ನಿಜವಾದ ಮಗುವೇ ಅವಳ ತೋಳಿನಲ್ಲಿತ್ತು. ಮಗುವನ್ನು ಬಲಮೊಣಕೈಯ ಮಡಿಲಿಗೆ ಸರಿಯಾಗಿ ಒತ್ತಿಕೊಂಡಳು. ಎಡಗೈಯಿಂದ ಚೀಲವನ್ನು ಬುಡಮೇಲು ಮಾಡಿ ಕಟ್ಟನ್ನು ಜಾರಿಸಿದಳು. ಒಂದು ಕಾಲನ್ನು ಪಾದದಿಂದ ತಡೆಹಿಡಿದು ಎದುರಿನದನ್ನು ಕೈಯಿಂದ ತಳ್ಳಿದಳು. ಸುತ್ತ ಬಂದು ಇನ್ನೆರಡನ್ನು ಸೊಂಟದಿಂದ ನೂಕಿದಳು. ಟಕ್, ಟಕ್, ಟಕ್, ಟಕ್. ತಳವನ್ನು ಮಂಡಿಯಿಂದ ಅದುಮಿದಳು. ತೊಟ್ಟಿಲು ನಿಂತಿತು.

"ಕಿಟಕಿ ಕಡೇದು ಕೂತಿಲ್ಲ" ಅಂದಳು ಮಡಚಕ್ಕ. ಅವಳು ಆಗ ಬೇರೆ ತೊಟ್ಟಿಲುಗಳನ್ನು ಚೀಲಕ್ಕೆ ತುಂಬುತ್ತ ಬೆನ್ನು ಹಾಕಿ ನಿಂತಿದ್ದಳು.

ಅದೇ ಗಳಿಗೆಯಲ್ಲಿ ಇಂಜಿನಿಯರಳ ತಲೆಯೂ ಕಿಟಕಿಯ ಕಡೆಗೆ ತಿರುಗಿತ್ತು. ನಾಲ್ಕರಲ್ಲಿ ಒಂದು ಟಕ್ ಸ್ವಲ್ಪ ಮಂದವಾಗಿ ಬಂದದ್ದು ಅವಳಿಗೂ ಕೇಳಿಸಿತ್ತು. ಅವಳು ಎದ್ದು ಹೋಗಿ ಅಂಚನ್ನು ಒತ್ತಿದಳು. ಕೊಂಡಿ ಅರ್ಧಕ್ಕೆ ನಿಂತಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ, ಸೇತುವೆಗಳ ಕೆಳಗೆ ಒಂಬತ್ತು ವರ್ಷ ಕಳೆದು ತಾನು ಪಡೆದ ಕಿವಿ ಈ ನೀಲಿ ಕೋಟಿನ ಹೆಂಗಸಿಗೆ ಬೆನ್ನಲ್ಲೇ ಇದೆ. ಅವಳು ಮಡಚಕ್ಕನನ್ನು ಬಾಯಿ ಬಿಟ್ಟುಕೊಂಡು ನೋಡಿದಳು.

"ಹೆಂಗೆ ಗೊತ್ತಾಯ್ತು ನಿಮಗೆ?"

"ನೆಲದಲ್ಲಿ ಬಂತು. ಕಾಲಿಗೆ" ಅಂದಳು ಮಡಚಕ್ಕ. "ಅದಕ್ಕೇ ಹೇಳೋದು. ಬಿಚ್ಚಿದ ಮೇಲೆ ನಾಲ್ಕೂ ಅಂಚು ಒತ್ತಿ ನೋಡಬೇಕು. ಆಮೇಲೆ ಮಗು."

ಚಿಕ್ಕಮ್ಮ ಅದನ್ನು ಮಡಚಿದಳು. ಪಟ್ಟಿ ಎಳೆಯಲು ಬೆರಳು ಬೇಕಾಗಲಿಲ್ಲ. ಮಗುವನ್ನು ಎಡತೋಳಿಗೆ ಸರಿಸಿ, ಬಲಮುಂಗೈಯನ್ನು ಅದರೊಳಗೆ ತೂರಿಸಿ ಎದ್ದು ನಿಂತಳು, ಅಷ್ಟೆ. ತೊಟ್ಟಿಲು ಅವಳ ಜೊತೆಗೇ ಎದ್ದು ಮುಚ್ಚಿಕೊಂಡಿತು. ಈ ಉಪಾಯ ಮಡಚಕ್ಕನಿಗೂ ಹೊಸದು. "ಇನ್ನೊಂದು ಸಲ ಮಾಡಿ" ಅಂದಳು. ಹದಿಮೂರು ವರ್ಷದಲ್ಲಿ ಬೇರೆಯವರಿಂದ ಅವಳು ಕೇಳಿಸಿಕೊಂಡ ಮಾತು ಅದು. ಅಂದು ತಾನೇ ಆಡಿದಳು.

ಚಿಕ್ಕಮ್ಮ ಇನ್ನೊಂದು ಸಲ ಮಾಡಿದಳು. ಈಗ ಅವಳ ಪಾದ, ಸೊಂಟ, ಮಂಡಿ, ಸೊಟ್ಟ ಮಣಿಕಟ್ಟು ಎಲ್ಲವೂ ತಮ್ಮ ತಮ್ಮ ಪಾಳಿ ಬಲ್ಲವರ ಹಾಗೆ ಕೆಲಸ ಮಾಡಿದವು. ಪಕ್ಕದ ವಿಭಾಗದಲ್ಲಿ ಹಾಲಿನ ಬಾಟಲಿ ನೋಡುತ್ತಿದ್ದ ಇಬ್ಬರು ಹೆಂಗಸರು ಬಂದು ನಿಂತರು. ಮಗು ಅಷ್ಟೂ ಹೊತ್ತು ಅವಳ ತೋಳಿನಲ್ಲಿ ಹೆಬ್ಬೆರಳು ಚೀಪುತ್ತ, ಕುದುರೆ ಸವಾರಿಗೆ ಬಂದವರ ಹಾಗೆ ಸುಮ್ಮನಿತ್ತು. ನಾಲ್ಕೂ ಅಂಚು ಒತ್ತಿ ನೋಡಿ ಚಿಕ್ಕಮ್ಮ ಅದನ್ನು ಒಳಗೆ ಮಲಗಿಸಿದಳು. ಅದು ಹೊರಳಿತು, ಬಲೆಯನ್ನು ಐದು ಬೆರಳಿನಿಂದ ಹಿಡಿಯಿತು. ಬಲೆಯ ಆಚೆ ಬಗ್ಗಿ ನಿಂತಿದ್ದ ಅಷ್ಟು ದೊಡ್ಡ ಮುಖಗಳನ್ನು ಒಂದೊಂದಾಗಿ ನೋಡಿತು. 

 ಇಂಜಿನಿಯರ್ ಚಿಕ್ಕಮ್ಮನ ಪಕ್ಕಕ್ಕೆ ಹೋಗಿ ಮೆಲ್ಲಗೆ, "ಚಿಕ್ಕಮ್ಮ, ನನ್ನ ಜೊತೆ ಬರ್ತೀರಾ?" ಅಂದಳು. ಇಷ್ಟು ದಿನ ಅದು ಮನೆಯಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

"ಬರ್ತೀನಿ ಪುಟ್ಟಿ. ಆದರೆ ಕೇಳು. ಐದು ಗಂಟೆಗೆ ನೀನು ಬಂದಮೇಲೆ ಮಗು ನಿನ್ನದು. ಕತ್ತಲಾಗೋವರೆಗೆ ನಾನು ಊರು ನೋಡಬೇಕು. ನನ್ನ ಹಿಂದೆ ಯಾರೂ ಬರಬಾರದು, ಅದೆಲ್ಲಿಟ್ಟಿದ್ದೀರಿ ಇದೆಲ್ಲಿಟ್ಟಿದ್ದೀರಿ ಅಂತ ಫೋನೂ ಮಾಡಬಾರದು."

"ಆಯ್ತು."

"ಇನ್ನೊಂದು. ಇವರು ಹೇಳಿದ್ರಲ್ಲ, ವಾರದ ಕೊನೆಗೆ ಮನೆಗೆ ಬರೋದು ಅಂತ." ಚಿಕ್ಕಮ್ಮ ಅಳಿಯನ ಕಡೆ ತಿರುಗಿದಳು. "ಆ ಎರಡು ದಿನ ಇದನ್ನ ನೀವು ಬಿಚ್ಚಬೇಕು."

ಅಷ್ಟು ಹೊತ್ತಿಗೆ ಗುಂಡ ಅಳಿಯನ ತೋಳಿಗೆ ಬಂದಾಗಿತ್ತು. ಕೊಟ್ಟವಳು ಅವನ ತಾಯಿ. ನಾಲ್ಕನೆಯ ಪ್ರಯತ್ನದಲ್ಲಿ ತೊಟ್ಟಿಲು ನಿಂತಿತು. ಐದನೆಯದರಲ್ಲಿ ಅವನು ಗುಂಡನ ತಲೆಯನ್ನು ಹಿಡಿಯುವುದನ್ನೂ ಮರೆಯಲಿಲ್ಲ. ನೆಲ ಸಮ ಇಲ್ಲ ಎಂಬ ಮಾತೇ ಬರಲಿಲ್ಲ.

ಇಂಜಿನಿಯರ್ ಸೋಮವಾರದವರೆಗೆ ಕಾಯಲಿಲ್ಲ. ಅಲ್ಲೇ ತೊಟ್ಟಿಲುಗಳ ನಡುವೆ ನಿಂತು ಮೇಲಧಿಕಾರಿಗೆ ಫೋನು ಮಾಡಿದಳು. "ಸರ್, ನಾನು ತಂಡದ ಜೊತೆ ಹೊರಡ್ತೀನಿ... ಇಲ್ಲ ಸರ್, ಮಗು ಜೊತೆಗೇ... ಹೌದು, ಒಂಬತ್ತೂ."

ಐದು ವಾರ ಕಳೆದು, ಒಂದು ಮಂಗಳವಾರ ಮಧ್ಯಾಹ್ನ ಚಿಕ್ಕಮ್ಮ ಒಬ್ಬಳೇ ಲಿಫ್ಟಿನಿಂದ ಇಳಿದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಅವಳ ಕೈಯಲ್ಲಿ ಚೀಲವಿಲ್ಲದ್ದನ್ನು ನೋಡಿ ಮಡಚಕ್ಕ, "ಸದ್ಯ, ವಾಪಸು ಕೊಡೋಕೆ ಬಂದಿಲ್ಲ" ಅಂದಳು.

"ಸುಮ್ನೆ ಬಂದೆ. ಮನೇಲಿ ಹೇಳೋಕೆ ಹೋದ್ರೆ ಊಟಕ್ಕೇನು ಅಂತಾರೆ" ಅಂದಳು ಚಿಕ್ಕಮ್ಮ. ಇಬ್ಬರೂ ಮಾರಾಟಕ್ಕಿಟ್ಟ ಎರಡು ಸ್ಟೂಲು ಎಳೆದುಕೊಂಡು ಕೂತರು.

ಮೊದಲ ಊರಿನ ಅತಿಥಿಗೃಹ ಹೊಳೆಯ ದಂಡೆಯಲ್ಲಿತ್ತಂತೆ. ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕಮ್ಮ ತೊಟ್ಟಿಲು ಬಿಚ್ಚಿ ಮಗುವನ್ನು ಮಲಗಿಸಿದಳು. ಎಂದೂ ಕಾಣದ ಕೋಣೆ, ಅಪರಿಚಿತ ಗೋಡೆ. ಆದರೆ ಮಗುವಿನ ಕಣ್ಣಿಗೆ ಅದೇ ನಾಲ್ಕು ಬಲೆ. ಅದು ಎರಡೂ ಕೈ ಚೆಲ್ಲಿ ನಿದ್ದೆ ಹೋಯಿತು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತಳು. ಬೇಯುವುದಕ್ಕೆ ಒಲೆಯ ಮೇಲೆ ಏನೂ ಇರಲಿಲ್ಲ, ಒಣಗಿದ ಬಟ್ಟೆ ಇರಲಿಲ್ಲ, ಬಾಗಿಲಿಗೆ ಯಾರೂ ಬರಲಿಲ್ಲ.

"ಐವತ್ತು ನಿಮಿಷ" ಅಂದಳು. "ಯಾರೂ ಕರೀಲಿಲ್ಲ ಕಣ್ರೀ. ನಂಗೆ ಮೊದಲು ಭಯ ಆಯ್ತು. ಎದ್ದು ಹೋಗಿ ಮಗು ಉಸಿರಾಡ್ತಿದ್ಯಾ ನೋಡಿ ಬಂದೆ, ಎರಡು ಸಲ. ಆಮೇಲೆ ಕಿಟಕಿ ಹತ್ರ ನಿಂತ್ಕೊಂಡೆ."

ಕಿಟಕಿಯ ಆಚೆ ಸೇತುವೆ ಇತ್ತು. ಅಷ್ಟು ದೊಡ್ಡದಿರುತ್ತದೆ ಎಂದು ಅವಳು ಎಣಿಸಿಯೇ ಇರಲಿಲ್ಲ. ಒಂದೊಂದು ಕಂಬವೂ ಈ ಅಂಗಡಿಯಷ್ಟು ಎತ್ತರ. ಮೇಲೆ ಲಾರಿಗಳು ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು. ಆ ಸೇತುವೆಯ ಹೊಟ್ಟೆಯ ಕೆಳಗೆ, ಗಾಳಿಯಲ್ಲಿ ತೂಗುವ ಒಂದು ಕಬ್ಬಿಣದ ಬುಟ್ಟಿಯಲ್ಲಿ, ಹಳದಿ ಹೆಲ್ಮೆಟಿನ ಒಂದು ಚುಕ್ಕೆ ಕಂಡಿತು. ಚುಕ್ಕೆ ಕೈ ಎತ್ತುವುದು, ಇಳಿಸುವುದು. ಸ್ವಲ್ಪ ಸರಿದು ಮತ್ತೆ ಕೈ ಎತ್ತುವುದು.

"ನಾನು ಸ್ನಾನ ಮಾಡಿಸಿದ ಹುಡುಗಿ ಅದು. ಅಷ್ಟು ದೊಡ್ಡದನ್ನ ಇಷ್ಟು ಚಿಕ್ಕವಳು ತಟ್ಟಿ ತಟ್ಟಿ ಕೇಳ್ತಿದ್ದಳು, ನೀನು ಸರಿಯಾಗಿದ್ದೀಯಾ ಅಂತ. ಮೇಲೆ ಹೋಗೋ ಲಾರಿಯೋರಿಗೆ ಏನು ಗೊತ್ತು ಅದು?"

 ಗಿರಾಕಿಯೊಬ್ಬ ಬಂದು ಚಕ್ರದ ತೊಟ್ಟಿಲಿನ ಮುಂದೆ ನಿಂತು ಕೆಮ್ಮಿದ. ಮಡಚಕ್ಕ ಅವನ ಕಡೆ ನೋಡಲೇ ಇಲ್ಲ. ಹನ್ನೊಂದು ವರ್ಷ ಕೊಡೆ, ಹದಿಮೂರು ವರ್ಷ ತೊಟ್ಟಿಲು. ಎಷ್ಟೋ ಸಾವಿರ ಜನರನ್ನು ಪ್ರಯಾಣಕ್ಕೆ ಕಳಿಸಿದ ಅವಳು ಬಸ್ಸು ನಿಲ್ದಾಣದ ಆಚೆ ಹೋಗಿರಲಿಲ್ಲ. ತಾನು ಧೂಳು ಕೊಡವಿ ಕೊಟ್ಟ ಕಟ್ಟುಗಳು ಎಲ್ಲೆಲ್ಲಿ ಹೋಗಿ ಬಿಚ್ಚಿಕೊಂಡವು ಎಂಬುದನ್ನು ಇದುವರೆಗೆ ಯಾರೂ ಬಂದು ಅವಳಿಗೆ ಹೇಳಿದ್ದಿಲ್ಲ.

"ಆ ಕಡೆಗೆ ಬಸ್ಸು ಎಷ್ಟು ಹೊತ್ತಿಗೆ?" ಕೇಳಿದಳು.

"ಬೆಳಿಗ್ಗೆ ಆರಕ್ಕೊಂದು ಇದೆ. ನಾಲ್ಕು ಗಂಟೆ ದಾರಿ."

"ನೀವು ಇನ್ನೊಂದು ಸಲ ಬರ್ತೀರಾ?"

"ಕೇಳಿದ್ರಲ್ಲ" ಅಂದಳು ಚಿಕ್ಕಮ್ಮ, "ಬರ್ತೀನಿ."

ಗುರುವಾರ ಎರಡನೇ ಮಹಡಿಯಲ್ಲಿ ಮಡಚಕ್ಕ ಇರಲಿಲ್ಲ. ಗಿರಾಕಿಗಳು ಬಂದಾಗ ಮ್ಯಾನೇಜರನೇ ತೊಟ್ಟಿಲು ಬಿಚ್ಚಲು ಹೋಗಿ, ಮೊದಲು ನಡುವಿನ ತಳವನ್ನು ಅದುಮಿದ.